ದೇವರ ಮುಂದಿಟ್ಟ ಮಾತು

'ಮಾತು ಬೆಳ್ಳಿ, ಮೌನ ಬಂಗಾರ' ಎಂದು ನನಗೆ ಸಮಾಧಾನ ಹೇಳಿದವರು ಬಹಳ ಜನ. ಹೇಳಿದವರೆಲ್ಲ ಚೆನ್ನಾಗಿ ಮಾತಾಡುವವರೇ. ಫೋರ್ಟ್ ಏರಿಯಾದಲ್ಲಿ ನಾನು ಮ್ಯಾನೇಜರಾಗಿರುವ ಹೋಟೆಲಿಗೆ ದಿನಾ ಬರುವ ವಕೀಲರೊಬ್ಬರು, ನನ್ನ ಮಗಳಿಗೆ ಮಾತು ಬರುವುದಿಲ್ಲವೆಂದು ತಿಳಿದ ದಿನ, ಕಾಫಿಯ ಕೊನೆಯ ಗುಟುಕು ಮುಗಿಸಿ ಇದೇ ಗಾದೆ ಹೇಳಿದರು. ಮಾತು ಮಾರಿಯೇ ಹೊಟ್ಟೆ ಹೊರೆಯುವ ಮನುಷ್ಯ! "ಬಂಗಾರ ಆದ್ರೆ ನಿಮ್ಮ ಮನೆಗೇ ತಗೊಂಡು ಹೋಗಿ ಸರ್" ಎಂದುಬಿಟ್ಟೆ. ಕೆಲವು ದಿನ ಅವರು ಎದುರಿನ ಹೋಟೆಲಿಗೆ ಹೋದರು. ಅಲ್ಲಿಯ ಸಾಂಬಾರು ನಾಲಗೆಗೆ ಒಗ್ಗಲಿಲ್ಲವೋ ಏನೋ, ತಿರುಗಿ ಬಂದರು. ಗಾದೆಯನ್ನು ಮತ್ತೆ ಎತ್ತಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಿಜ. ಹಣ ಎಣಿಸುವ ಗಲ್ಲೆಯ ಮೇಲೆ ಕೂತವನಿಗೆ ಅದು ಒಳ್ಳೆಯದಲ್ಲ ಎಂದು ಮಾಲೀಕರು ಹಲವು ಸಲ ಹೇಳಿದ್ದಾರೆ. ಆದರೆ ಮೌನ ಬಂಗಾರ ಎನ್ನುವವರು ಒಂದು ದಿನ ನಮ್ಮ ಮನೆಗೆ ಬಂದು ನೋಡಬೇಕಿತ್ತು.

ಸಯನ್‌ನ ಒಂದು ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ಮನೆ. ನಾನು, ನನ್ನ ಹೆಂಡತಿ, ನನ್ನ ಅಮ್ಮ, ಮಗಳು. ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಕುಂದಾಪುರದ ಕಡೆಯಿಂದ ಬಂದ ಅಮ್ಮ ತಿರುಗಿ ಹೋಗಲೇ ಇಲ್ಲ. ಮಗು ಎಲ್ಲರಂತೆ ನಡೆಯಿತು, ಓಡಿತು. ಕಿವಿ ಕೇಳುತ್ತಿತ್ತು, ಹೇಳಿದ್ದು ತಿಳಿಯುತ್ತಿತ್ತು. ಮಾತು ಮಾತ್ರ ಬರಲಿಲ್ಲ. ಡಾಕ್ಟರು ಆಟಿಸಂ ಎಂದರು. ಏನು ಬೇಕಾದರೂ ಅವಳು ನಮ್ಮ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಳು. ಅಲ್ಲಿಂದ ಶುರು ನಮ್ಮ ಊಹೆ. ನೀರಾ? ಬಾಳೆಹಣ್ಣಾ? ಫ್ಯಾನ್ ಹಾಕಬೇಕಾ? ಟಿವಿನಾ? ಒಂದೊಂದೇ ತಪ್ಪಾಗುತ್ತ ಹೋದಂತೆ ಅವಳ ಮುಖ ಕೆಂಪಾಗುತ್ತಿತ್ತು. ಕೊನೆಗೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳು. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಿದ್ದರು. ಇದು ನಮ್ಮ ಬಂಗಾರ.

ಅವಳಿಗೆ ಒಂಬತ್ತು ತುಂಬುವ ಹೊತ್ತಿಗೆ ಬಾಂದ್ರಾದ ಒಂದು ಸೆಂಟರಿನಲ್ಲಿ ಮಾತಿನ ಟೀಚರೊಬ್ಬರು ಸಿಕ್ಕರು. ಮರಾಠಿ ಹೆಂಗಸು, ಮಕ್ಕಳ ಹತ್ತಿರ ಎಷ್ಟು ಮೆತ್ತಗೋ ಅಪ್ಪ ಅಮ್ಮಂದಿರ ಹತ್ತಿರ ಅಷ್ಟೇ ಖಾರ. ನನಗೆ ಹಿಡಿಸಿದರು. ಅವರು ಒಂದು ಟ್ಯಾಬ್ಲೆಟ್ ಕೊಡಿಸಿ ಅದರಲ್ಲಿ ಚಿತ್ರಗಳ ಮನೆ ಕಟ್ಟಿಕೊಟ್ಟರು. ಲೋಟದ ಚಿತ್ರ ಒತ್ತಿದರೆ 'ನೀರು' ಎನ್ನುತ್ತದೆ, ನನ್ನ ಫೋಟೋ ಒತ್ತಿದರೆ 'ಅಪ್ಪ' ಎನ್ನುತ್ತದೆ. ಅದರಲ್ಲಿ ಮೊದಲೇ ಇದ್ದ ಕನ್ನಡದ ಧ್ವನಿ ವಾರ್ತೆ ಓದಿದ ಹಾಗಿತ್ತು. ಹಿಂದಿ ಇಂಗ್ಲಿಷಿನಲ್ಲಿ ಹಾಕಿದರೆ ನನ್ನ ಅಮ್ಮನಿಗೆ ತಿಳಿಯುವುದಿಲ್ಲ. ಹೀಗಾಗಿ ನನ್ನ ಹೆಂಡತಿಯೇ ಒಂದೊಂದು ಮಾತನ್ನೂ ಹೇಳಿ ರೆಕಾರ್ಡ್ ಮಾಡಿದಳು. ಕಿಟಕಿ ಮುಚ್ಚಿ ಅಡುಗೆಮನೆಯಲ್ಲಿ ಕೂತು ಮಾಡಿದ್ದು. ಇವತ್ತಿಗೂ 'ಹಸಿವು' ಒತ್ತಿದರೆ ಹಿಂದಿನಿಂದ ಕುಕ್ಕರಿನ ಸೀಟಿ ಕೇಳುತ್ತದೆ.

"ಇದು ಆಟಿಕೆ ಅಲ್ಲ, ಇದು ಅವಳ ಬಾಯಿ. ಎಲ್ಲಿ ಅವಳೋ ಅಲ್ಲಿ ಇದು" ಎಂದು ಟೀಚರ್ ಹಿಂದಿಯಲ್ಲಿ ನಮಗೆ ತಾಕೀತು ಮಾಡಿದ್ದರು. ಅಮ್ಮ ತನ್ನ ಹಳೆಯ ಸೀರೆಯ ಅಂಚು ಕತ್ತರಿಸಿ, ಕುತ್ತಿಗೆಗೆ ಹಾಕಿಕೊಳ್ಳುವಂತೆ ಒಂದು ಚೀಲ ಹೊಲಿದರು. ಹಸಿರು ಅಂಚು, ನಡುವೆ ಕೆಂಪು. ಲೋಕಲ್ ರೈಲಿನಲ್ಲಿ ಜನ ತಿರುಗಿ ನೋಡುತ್ತಿದ್ದರು.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಾವೇ ಒತ್ತುವುದು, ನಾವೇ ಕೇಳುವುದು. ಒಂದು ಭಾನುವಾರ ಬೆಳಿಗ್ಗೆ ನಾನು ಅವಳ ತಟ್ಟೆಗೆ ಇನ್ನೊಂದು ನೀರ್ದೋಸೆ ಹಾಕಹೋದೆ. ಅವಳು ಅಡ್ಡ ಕೈ ಮಾಡಿ, ಚೀಲದಿಂದ ಟ್ಯಾಬ್ಲೆಟ್ ಹೊರಗೆಳೆದು, ಹುಡುಕಿ, ಒತ್ತಿದಳು. "ಬೇಡ." ಹೆಂಡತಿಯ ಧ್ವನಿ. ಅಡುಗೆಮನೆಯಲ್ಲಿದ್ದ ಹೆಂಡತಿ "ನಾನೇನೂ ಹೇಳಿಲ್ಲ" ಎಂದಳು. ಮಗಳು ಮತ್ತೆ ಒತ್ತಿದಳು. "ಬೇಡ." ಆಗ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಇಡೀ ದಿನ ಗಿರಾಕಿಗಳ ಬಾಯಲ್ಲಿ ಬೇಡ, ಸಾಕು, ಇದು ಸರಿಯಿಲ್ಲ ಎಂದು ಕೇಳಿ ಕೇಳಿ ಬೇಸತ್ತ ಮನುಷ್ಯ ನಾನು. ಆ ಒಂದು 'ಬೇಡ' ಕೇಳಿ ಕಣ್ಣಲ್ಲಿ ನೀರು ಬಂತು. ಆಮೇಲೆ ಬೇಕೆಂದೇ ಬೇಡದ್ದನ್ನೆಲ್ಲ ಅವಳ ಮುಂದೆ ಹಿಡಿದೆ, ಎಲ್ಲದಕ್ಕೂ ಬೇಡ ಎನ್ನಿಸಿಕೊಂಡೆ.

ಅಲ್ಲಿಂದ ಒಂದೊಂದೇ ಮಾತು ಸೇರಿತು. ನಾನು ಬೆಳಗಿನ ಕತ್ತಲೆಗೇ ಮನೆ ಬಿಟ್ಟು ಲೋಕಲ್ ಹಿಡಿದು ಸಿಎಸ್‌ಟಿಗೆ ಹೋಗುವವನು. ಅವಳು ಎದ್ದು ನೋಡಿದರೆ ನಾನಿಲ್ಲ. ನನ್ನ ಫೋಟೋ ಒತ್ತಿ, ಪಕ್ಕದ 'ಎಲ್ಲಿ' ಒತ್ತುತ್ತಿದ್ದಳು. ಹೆಂಡತಿ ನನಗೆ ಫೋನ್ ಮಾಡಿ ಟ್ಯಾಬ್ಲೆಟಿನ ಬಳಿ ಹಿಡಿಯುತ್ತಿದ್ದಳು. ನಾಷ್ಟಾದ ನೂಕುನುಗ್ಗಲು, ದೋಸೆಕಲ್ಲಿನ ಚುರ್ ಸದ್ದು, ಆ ನಡುವೆ ಕಿವಿಯಲ್ಲಿ "ಅಪ್ಪ ಎಲ್ಲಿ". "ಹೋಟ್ಲಲ್ಲಿದ್ದೆ ಮಗಾ, ಬತ್ತೆ" ಎಂದು ಕೂಗಿ ಹೇಳುತ್ತಿದ್ದೆ. ಗಿರಾಕಿಗಳು ಚಿಲ್ಲರೆಗೆ ಕೈಚಾಚಿಕೊಂಡು ಕಾಯುತ್ತಿದ್ದರು. ಕಾಯಲಿ! ಅವಳು ಹುಟ್ಟಿದಂದಿನಿಂದ ಕಾದವನು ನಾನು.

ನವರಾತ್ರಿಗೆ ಸ್ವಲ್ಪ ಮೊದಲು ಟೀಚರ್ 'ನೋವು' ಎಂಬ ಚಿತ್ರ ಸೇರಿಸಿದರು. ಅಳುವ ಮುಖ, ಅದರ ಪಕ್ಕದಲ್ಲಿ ತಲೆ, ಕಿವಿ, ಹಲ್ಲು, ಹೊಟ್ಟೆ, ಕಾಲು. ಮಗಳು ಬಿಲ್ಡಿಂಗಿನ ಮೆಟ್ಟಿಲಲ್ಲಿ ಬಿದ್ದು ಮಂಡಿ ತರಚಿಕೊಂಡ ದಿನ ಒಳಗೆ ಬಂದು ಅಜ್ಜಿಯ ಮುಂದೆ ನಿಂತು ಒತ್ತಿದಳು: "ನೋವು. ಕಾಲು." ಅಮ್ಮ ಲಂಗ ಎತ್ತಿ ನೋಡಿ, ಕೊಬ್ಬರಿ ಎಣ್ಣೆ ಅರಸಿನ ಹಚ್ಚಿ, ಅವತ್ತು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ಹೆಣ್ ಬಂದ್ ನನ್ ಹತ್ರ ಹೇಳ್ತ್! ನೋವಾಯ್ತ್ ಅಂದ್ ಹೇಳ್ತ್!"

ಇನ್ನು ನಮ್ಮ ಕಡೆಯ ಪದ್ಧತಿ ಹೇಳಬೇಕು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನು ಸರಸ್ವತಿಯ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ವಿಜಯದಶಮಿಯ ದಿನವೇ ತೆಗೆಯುವುದು. ಅಲ್ಲಿಯವರೆಗೆ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಚಿಕ್ಕಂದಿನಲ್ಲಿ ನಮಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಎಷ್ಟು ಕಷ್ಟದ ಪುಸ್ತಕವೋ ಅದನ್ನೇ ಮೊದಲು ಇಡುತ್ತಿದ್ದೆವು. ಮಾತುಂಗಾದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿಯೂ ಗಣಿತದ ಪುಸ್ತಕ ಇಟ್ಟು ಕುಣಿದವಳೇ.

ನಮ್ಮ ಮನೆಯಲ್ಲಿ ವರ್ಷಾ ವರ್ಷಾ ಇಡುತ್ತಿದ್ದದ್ದು ಪಂಚಾಂಗ, ಅಮ್ಮನ ಭಜನೆ ಪುಸ್ತಕ, ನನ್ನ ಹೋಟೆಲಿನ ಬಿಲ್ ಬುಕ್ಕು. ಮಗು ಇರುವ ಮನೆ, ಮಗುವಿನ ಪುಸ್ತಕ ಒಂದೂ ಇಲ್ಲ. ಕುಂಕುಮಕ್ಕೆ ಬಂದ ಹೆಂಗಸರು ಆ ಮೂರನ್ನು ನೋಡಿ ಏನೂ ಹೇಳದೆ ಬಾಳೆಹಣ್ಣು ತೆಗೆದುಕೊಂಡು ಹೋಗುತ್ತಿದ್ದರು. ಏನೂ ಹೇಳದಿರುವುದು ಅಮ್ಮನನ್ನು ತಿನ್ನುತ್ತಿತ್ತೆಂದು ನನಗೆ ಗೊತ್ತಿತ್ತು.

ಆ ವರ್ಷ ಮೂಲಾ ನಕ್ಷತ್ರದ ದಿನ ಅಮ್ಮ ಟ್ಯಾಬ್ಲೆಟನ್ನು ಒರೆಸಿ, ಗಂಧ ಹಚ್ಚಿ, ಎಲ್ಲಕ್ಕಿಂತ ಮೇಲೆ ಇಟ್ಟರು. ಸೇವಂತಿಗೆ ಹೂವು ಏರಿಸಿದರು. ನಾನು ರಾತ್ರಿ ಬಂದಾಗ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. "ಈ ವರ್ಷ ನಮ್ಮ ಹೆಣ್ಣಿಂದೂ ಒಂದ್ ಇಡೂಕಿತ್ತ್, ಕಾಣ್."

"ಅವಳಿಗೆ ಬೇಕಾಗ್ತದಲ್ವಾ ಅಮ್ಮ?" ಎಂದು ಹೆಂಡತಿ ಕೇಳಿದ್ದಳಂತೆ.

"ಒಂಬತ್ ವರ್ಷ ಕಾದ್ದ್, ನಾಲ್ಕ್ ದಿನ ದೊಡ್ಡದಾ? ಮಾತು ಕೊಟ್ಟದ್ದ್ ಯಾರ್? ಅದ್ ಸರಸ್ವತಿ ಅಲ್ದೆ ಮತ್ತೆಂತ?"

ಹೆಂಡತಿ ಒಪ್ಪಿಕೊಂಡಳು. ಬಾಂದ್ರಾದ ಸೆಂಟರಿಗೂ ರಜೆ ಇತ್ತು. ಮಗುವಿಗೂ ಒಂದು ರಜೆ ಆಗಲಿ, ಪಾಪ, ಎಂದುಕೊಂಡಳಂತೆ. ನಾನಾದರೋ, ಈಗ ಅದನ್ನು ನೆನೆದರೆ ಹಲ್ಲು ಕಡಿಯಬೇಕೆನಿಸುತ್ತದೆ, ಆ ಹೂವು ಮುಡಿದ ಟ್ಯಾಬ್ಲೆಟ್ ನೋಡಿ ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಫೋನಿನಲ್ಲಿ ಫೋಟೋ ಬೇರೆ ಹೊಡೆದೆ. ನನ್ನ ಮಗಳದೂ ಒಂದು ಬಂತಲ್ಲ, ಪುಸ್ತಕಗಳ ಸಾಲಿಗೆ!

ಮರುದಿನದಿಂದ ಹೋಟೆಲಿನಲ್ಲಿ ಉಪವಾಸದವರ ಗಲಾಟೆ. ಸಾಬೂದಾಣಾ ವಡೆ, ಬಟಾಟೆ, ಮಿಲ್ಕ್‌ಶೇಕ್, ಉಸಿರು ಬಿಡಲು ಪುರುಸೊತ್ತಿಲ್ಲ. ಬೆಳಗಿನ ಫೋನ್ ಬರಲಿಲ್ಲ. ಹೇಗೆ ಬಂದೀತು? 'ಅಪ್ಪ ಎಲ್ಲಿ' ಎಂಬುದು ದೇವರ ಮುಂದೆ ಕೂತಿತ್ತಲ್ಲ.

ಮನೆಯಲ್ಲಿ ನಡೆದದ್ದನ್ನು ಆಮೇಲೆ ಹೆಂಡತಿಯ ಬಾಯಿಂದ ತುಂಡುತುಂಡಾಗಿ ಕೇಳಿದೆ. ಮಗಳು ದೇವರ ಮುಂದೆ ಹೋಗಿ ಕೂತಳಂತೆ. ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಕೈ ಚಾಚಿದಾಗೆಲ್ಲ ಅಮ್ಮ ಮೆಲ್ಲಗೆ ಹಿಡಿದು, "ಈಗ ಮುಟ್ಟುಕಾಗ ಮಗಾ, ಕೈ ಮುಗಿ" ಎಂದು ಎರಡೂ ಅಂಗೈ ಜೋಡಿಸುತ್ತಿದ್ದರಂತೆ. ಪ್ರೀತಿಯಿಂದಲೇ. ಅಮ್ಮ ಒಂದು ದಿನವೂ ಆ ಮಗುವಿಗೆ ಗದರಿದವರಲ್ಲ. ಕುಂಕುಮಕ್ಕೆ ಬಂದ ಪಕ್ಕದ ಮನೆಯ ಮರಾಠಿ ಮಾಮಿ ಅವಳು ಕಣ್ಣೀರು ಸುರಿಸುತ್ತ ಕೈಮುಗಿದು ಕೂತದ್ದು ನೋಡಿ, "ಕಿತೀ ಭಕ್ತಿ!" ಎಂದು ಗಲ್ಲ ಸವರಿ ತಾನೂ ಕಣ್ಣೊರೆಸಿಕೊಂಡರಂತೆ. ಎಷ್ಟು ಭಕ್ತಿ ಎಂದು ಬಂದವರೆಲ್ಲ ಹೇಳಿದರು. ಅಮ್ಮನ ಮುಖ ಅರಳಿತು.

ಕಾಂಪೌಂಡಿನಲ್ಲಿ ಸಂಜೆಯಾದರೆ ಗರ್ಬಾ. ದೊಡ್ಡ ದೊಡ್ಡ ಸ್ಪೀಕರು, ಕಿಟಕಿಯ ಗಾಜು ಗಡಗಡ ಎನ್ನುವಷ್ಟು ಶಬ್ದ. ಮಗಳಿಗೆ ಮೊದಲಿಂದಲೂ ಜೋರು ಸದ್ದು ಆಗದು. ಪ್ರತಿ ನವರಾತ್ರಿಯಲ್ಲೂ ಕಿವಿ ಮುಚ್ಚಿಕೊಂಡೇ ಕಳೆಯುವವಳು. ಈ ಸಲವೂ ಮುಚ್ಚಿಕೊಂಡಳು. ಎಡಗಿವಿಗೆ ಕೈಯಿಂದ ಹೊಡೆದುಕೊಂಡಳು. ಎಂದಿನ ಹಾಗೆ ಕಿಟಕಿ ಹಾಕಿದರು, ಪರದೆ ಎಳೆದರು, ಹತ್ತಿ ಇಟ್ಟರು. ರಾತ್ರಿ ನಾನು ಬಂದು ಕೇಳಿದಾಗ ಹೆಂಡತಿ, "ಗರ್ಬಾದ್ದೇ ತಕರಾರು, ಅವರಿಗೆ ಹೇಳಿ ಸ್ವಲ್ಪ ಆವಾಜ್ ಕಮ್ಮಿ ಮಾಡ್ಸಿ" ಎಂದಳು. ನಾನು ಕೆಳಗಿಳಿದು ಕಮಿಟಿಯವರ ಜತೆ ಜಗಳ ಆಡಿಬಂದೆ. ಜಗಳ ಆಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಮಾರನೆಯ ಬೆಳಿಗ್ಗೆ ಗಲ್ಲೆಯಲ್ಲಿದ್ದಾಗ ಫೋನ್ ಬಂತು. ಟ್ಯಾಬ್ಲೆಟ್ ದೇವರ ಮುಂದಿದೆ ಎಂಬುದನ್ನೇ ಮರೆತು, 'ಅಪ್ಪ ಎಲ್ಲಿ' ಇರಬೇಕೆಂದು ಖುಷಿಯಿಂದ ಎತ್ತಿದೆ. ಧ್ವನಿ ಅದೇ, ಆದರೆ ಹೆಂಡತಿ ಅಳುತ್ತಿದ್ದಳು. ಮಗಳ ದಿಂಬು ಒದ್ದೆಯಾಗಿತ್ತು. ಕೀವು, ನಡುವೆ ರಕ್ತ. ಮೈ ಸುಡುತ್ತಿತ್ತು.

ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಡಾಕ್ಟರು ನೋಡಿದ್ದರು. ಕಿವಿಯೊಳಗೆ ಕೀವು ತುಂಬಿ ತಮಟೆ ಒಡೆದಿದೆ ಎಂದರು. ಎರಡು ಮೂರು ದಿನದಿಂದ ತಡೆಯಲಾರದ ನೋವು ಇದ್ದಿರಬೇಕು ಎಂದರು. ಆಮೇಲೆ ಮಗಳ ಫೈಲು ಇನ್ನೂ ಓದಿರದ ಆ ಎಳೆಯ ಪ್ರಾಯದ ಡಾಕ್ಟರು ಸಹಜವಾಗಿ ಕೇಳಿದರು: "ಬಚ್ಚೀನೆ ಬತಾಯಾ ನಹೀಂ?"

ಮಗು ಹೇಳಲಿಲ್ಲವಾ! ಹೇಳಲು ಹೋಗಿದ್ದಕ್ಕೇ ಅವಳಿಗೆ ಕೈ ಮುಗಿಸಿದ್ದೆವು. ನನ್ನ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಸಿದಳು. ನಾನು ಯಾರ ಮೇಲೆ ಕೂಗಾಡಲಿ? ಜೀವಮಾನದಲ್ಲಿ ಮೊದಲ ಸಲ ಕೋಪಕ್ಕೆ ಹೋಗಲು ಜಾಗ ಇರಲಿಲ್ಲ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ದೇವರ ಮುಂದೆ ಹೋಗಿ ಟ್ಯಾಬ್ಲೆಟ್ ಎಳೆದೆ. ಹೂವು ಚೆಲ್ಲಿತು, ದೀಪ ಉರುಳಿತು. ದಶಮಿಗೆ ಇನ್ನೂ ಒಂದು ದಿನ ಇತ್ತು. ಅಮ್ಮ ತಡೆಯಲಿಲ್ಲ. ಮೂಲೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಚಾರ್ಜಿಗೆ ಹಾಕಿ, ಗಂಧ ಒರೆಸಿ, ಮಂಚದ ಮೇಲೆ ಮಲಗಿದ್ದ ಮಗಳ ಕೈಗೆ ಕೊಟ್ಟೆ. 'ಕಿವಿ'ಯ ಚಿತ್ರವನ್ನು ನಾನೇ ತೆಗೆದು ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಟ್ಯಾಬ್ಲೆಟನ್ನು ಮಗುಚಿ, ಪರದೆ ಕೆಳಗೆ ಮಾಡಿ ಹಾಸಿಗೆಯ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಕಿವಿ ವಾಸಿಯಾಯಿತು. ತಮಟೆ ಕೂಡಿಕೊಂಡಿತು ಎಂದು ಡಾಕ್ಟರು ಹೇಳಿದರು. ಅವಳು ಮಾತ್ರ ಮತ್ತೆ ಒತ್ತಲಿಲ್ಲ. ಟೀಚರಿಗೆ ವಿಷಯ ತಿಳಿದಾಗ ನನಗೆ ಚೆನ್ನಾಗಿ ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿದಿದ್ದರೆ ಒಳ್ಳೆಯದಿತ್ತು. ಅವರು ಮಗಳನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಏನೆಲ್ಲ ಮಾಡಿದರು. ಬೇರೆ ಚಿತ್ರ, ದೊಡ್ಡ ಚಿತ್ರ, ಚಾಕಲೇಟು, ಹಾಡು. ಕಾಗದದ ಮೇಲಿನ ಚಿತ್ರ ಕೊಟ್ಟರೆ ಅದನ್ನೂ ಮಗುಚಿ ಇಟ್ಟಳು. ಯಾರ ಮುಂದೆಯೂ ಅವಳು ಹಠ ಮಾಡಲಿಲ್ಲ, ಕಿರುಚಲಿಲ್ಲ, ತಲೆಯನ್ನೂ ಬಡಿದುಕೊಳ್ಳಲಿಲ್ಲ. ಮಣಿಕಟ್ಟು ಹಿಡಿದು ಎಳೆಯುವುದೂ ಕಡಿಮೆಯಾಯಿತು. ಕೊಟ್ಟದ್ದು ತಿನ್ನುತ್ತಾಳೆ. ಕೊಡದಿದ್ದರೆ ಸುಮ್ಮನಿರುತ್ತಾಳೆ. ಈಗ ಎಷ್ಟು ಶಾಂತವಾಗಿದ್ದಾಳೆ ಎಂದು ಕೆಳಗಿನ ಮನೆಯವರು ಮೆಚ್ಚಿಕೊಂಡರು.

ಮಕ್ಕಳ ಎದುರು ದೊಡ್ಡವರು ಒತ್ತಿ ಮಾತಾಡಿ ತೋರಿಸಬೇಕಂತೆ, ಆಗ ಮಕ್ಕಳಿಗೆ ಮತ್ತೆ ಮನಸ್ಸು ಬರುತ್ತದಂತೆ. ಹೆಂಡತಿ ಅದನ್ನು ಬಿಡದೆ ಮಾಡಿದಳು. ಚೀಲ ತನ್ನ ಕುತ್ತಿಗೆಗೆ ಹಾಕಿಕೊಂಡು, ಅಡುಗೆ ಮಾಡುತ್ತ ಒತ್ತುವುದು. "ನೀರು." "ಹಸಿವು." "ಅಪ್ಪ ಎಲ್ಲಿ." ರೆಕಾರ್ಡ್ ಮಾಡಿದ್ದ ಆ ಧ್ವನಿಯಲ್ಲಿ ಇನ್ನೂ ನಗು ಇದೆ. ಒತ್ತುವವಳ ಮುಖದಲ್ಲಿ ಇಲ್ಲ. ಒಂದು ದಿನ, "ನನ್ನ ಆವಾಜೇ ನನಗೆ ಸಾಕಾಗಿದೆ ರೀ" ಎಂದು ಚೀಲ ತೆಗೆದು ಶೋಕೇಸಿನಲ್ಲಿಟ್ಟಳು.

ಮುಂದಿನ ನವರಾತ್ರಿ ಬಂತು. ಅಮ್ಮ ಆ ವರ್ಷ ಪುಸ್ತಕ ಇಡುವುದೇ ಬೇಡವೆಂದಿದ್ದರು. ಕೊನೆಗೆ ಪದ್ಧತಿ ಬಿಡಲಾರದೆ ಪಂಚಾಂಗ ಒಂದನ್ನೇ ಇಟ್ಟರು, ಯಾರನ್ನೂ ಕುಂಕುಮಕ್ಕೆ ಕರೆಯಲಿಲ್ಲ. ನಾನು ಹೋಟೆಲಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಸಂಜೆ ದೀಪ ಹಚ್ಚಿದ ಹೊತ್ತು. ಮಗಳು ಎದ್ದು ಶೋಕೇಸಿನ ಹತ್ತಿರ ಹೋದಳು. ಬಾಗಿಲು ಸರಿಸಿ, ಸೀರೆ ಅಂಚಿನ ಚೀಲ ಕೈಗೆತ್ತಿಕೊಂಡಳು. ವರ್ಷದ ನಂತರ ಮೊದಲ ಸಲ. ಹೆಂಡತಿ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು.

ಅವಳು ಚೀಲದಿಂದ ಟ್ಯಾಬ್ಲೆಟ್ ತೆಗೆದಳು. ನೆಟ್ಟಗೆ ದೇವರ ಮುಂದೆ ಹೋದಳು. ಪಂಚಾಂಗದ ಮೇಲೆ ಅಂಚಿಗೆ ಅಂಚು ಸರಿಯಾಗಿ ಕೂರುವಂತೆ ಇಟ್ಟಳು. ಎರಡೂ ಅಂಗೈ ಜೋಡಿಸಿ ಕೈ ಮುಗಿದಳು. ಹಿಂದೆ ಬಂದು ಗೋಡೆಗೆ ಒರಗಿ ಕೂತಳು.

ಅಮ್ಮ ಅದನ್ನು ಎತ್ತಿ ತಂದು ಅವಳ ಮಡಿಲಲ್ಲಿ ಹಾಕಿದರು. "ನಿಂದೇ ಮಗಾ, ತಕೋ. ದೇವ್ರಿಗ್ ಬ್ಯಾಡ ಅದ್. ನಿಂದೇ." ಮಗಳು ತಾಳ್ಮೆಯಿಂದ ಎದ್ದು, ತೆಗೆದುಕೊಂಡು ಹೋಗಿ, ಮತ್ತೆ ಅಲ್ಲೇ ಇಟ್ಟು ಬಂದಳು. ಅಮ್ಮ ಮತ್ತೆ ತಂದರು. ಅವಳು ಮತ್ತೆ ಇಟ್ಟಳು. ಈ ಸಲ ತಾನೇ ಅಮ್ಮನ ಎರಡೂ ಕೈ ಹಿಡಿದು, ಅಂಗೈಗೆ ಅಂಗೈ ಜೋಡಿಸಿದಳು, ಅಮ್ಮ ಅವಳಿಗೆ ಮಾಡಿದ್ದರಲ್ಲ, ಹಾಗೆಯೇ ಮೆಲ್ಲಗೆ.

ಕೆಳಗೆ ಕಾಂಪೌಂಡಿನಲ್ಲಿ ಗರ್ಬಾ ಶುರುವಾಯಿತು. ಕಿಟಕಿಯ ಗಾಜು ಅದುರಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಹೆಂಡತಿ ಓಡಿ ಹೋಗಿ ಹಣೆ ಮುಟ್ಟಿ ನೋಡಿದಳು, ನಾನು ಫೋನಿನ ಟಾರ್ಚ್ ಹಾಕಿ ಅವಳ ಕಿವಿಯೊಳಗೆ ಬಗ್ಗಿ ನೋಡಿದೆ. ಏನೂ ತಿಳಿಯಲಿಲ್ಲ. ಶಬ್ದಕ್ಕೋ, ನೋವಿಗೋ ಎಂದು ಅವಳನ್ನೇ ಕೇಳಿದೆ. ಅವಳು ಟಾರ್ಚಿನ ಬೆಳಕಿಗೆ ಕಣ್ಣು ಮುಚ್ಚಿಕೊಂಡು, ನಾವು ಮುಗಿಸುವವರೆಗೆ ಸುಮ್ಮನೆ ಕೂತಿದ್ದಳು.